ಕಾಣೆಯಾದ ತಮ್ಮ, ಅವನ ಕಾಯಿಲೆ ಮತ್ತು ನಿಂತುಹೋದ ಹುಡುಕಾಟ

ಪ್ರಶ್ನೆ: ನನ್ನ ತಮ್ಮ ಹಲವು ವರ್ಷಗಳಿಂದ ಸ್ಕಿಜೋಫ್ರೀನಿಯಾಗೆ ಚಿಕಿತ್ಸೆ ಪಡೆಯುತ್ತಿದ್ದ. ನಾಲ್ಕು ವರ್ಷಗಳ ಹಿಂದೆ, ಅವನಿಗೆ 34 ವರ್ಷವಾಗಿದ್ದಾಗ, ಒಂದು ಬೆಳಗ್ಗೆ ಮನೆಯಿಂದ ಹೊರಟವನು ಮರಳಲಿಲ್ಲ. ಮೊಬೈಲು, ಪರ್ಸು ಎರಡನ್ನೂ ಮನೆಯಲ್ಲೇ ಬಿಟ್ಟಿದ್ದ. ಪೊಲೀಸರು ದೂರು ದಾಖಲಿಸಿಕೊಂಡು ಕೆಲವು ವಾರ ವಿಚಾರಣೆ ನಡೆಸಿದರು. ಈಗ ಕೇಳಿದರೆ, ‘ಕಾಯಿಲೆಯ ಮನುಷ್ಯ, ಎಲ್ಲೋ ಹೋಗಿರಬೇಕು, ಇಲ್ಲವೇ ಏನಾದರೂ ಮಾಡಿಕೊಂಡಿರಬೇಕು’ ಎನ್ನುತ್ತಾರೆ. ಅವನು ಬದುಕಿರಬಹುದೇ? ಇಷ್ಟು ವರ್ಷ ಒಂದು ಸುಳಿವೂ ಸಿಗದೆ ಇರಲು ಹೇಗೆ ಸಾಧ್ಯ? ಇನ್ನು ಮಾಡಬಹುದಾದದ್ದು ಏನಾದರೂ ಉಳಿದಿದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಖಚಿತವಾಗಿ ಉತ್ತರಿಸಬಹುದಾದದ್ದು ಅದೊಂದೇ. ಮಾಡುವ ಕೆಲಸ ಉಳಿದಿದೆ, ಸಾಕಷ್ಟು ಉಳಿದಿದೆ. ಅವನು ಬದುಕಿದ್ದಾನೆಯೇ ಎಂಬುದನ್ನು ನಿಮ್ಮ ಪತ್ರ ಓದಿ ಯಾರೂ ಹೇಳಲಾರರು. ಬದುಕಿದ್ದಾನೆ ಎಂದು ಆಣೆಯಿಟ್ಟು ಹೇಳುವವರನ್ನೂ, ಇನ್ನು ಆಸೆ ಬಿಡಿ ಎಂದು ಬುದ್ಧಿ ಹೇಳುವವರನ್ನೂ ನೀವು ಸಮಾನ ದೂರದಲ್ಲಿ ಇಡಬೇಕು. ನನ್ನ ಗಮನ ಹೋದದ್ದು ಪೊಲೀಸರು ಆಡಿದ ಆ ಒಂದು ವಾಕ್ಯದ ಮೇಲೆ. ‘ಕಾಯಿಲೆಯ ಮನುಷ್ಯ’ ಎಂದರೆ ಎಲ್ಲವನ್ನೂ ವಿವರಿಸಿದಂತೆ ತೋರುತ್ತದೆ, ಆದರೆ ಯಾವ ದಿಕ್ಕಿನಲ್ಲಿ ಹುಡುಕಬೇಕೆಂದು ಅದು ಹೇಳುವುದಿಲ್ಲ. ಮಾನಸಿಕ ಕಾಯಿಲೆ ಇದ್ದ ವಯಸ್ಕರು ಕಾಣೆಯಾದ ಪ್ರಕರಣಗಳು ವರ್ಷಗಟ್ಟಲೆ ಬಗೆಹರಿಯದೆ ಉಳಿಯುವುದಕ್ಕೆ ನನ್ನ ದೃಷ್ಟಿಯಲ್ಲಿ ಮೊದಲ ಕಾರಣ ಇದೇ: ಕಾಯಿಲೆಯನ್ನು ಸುಳಿವಾಗಿ ಓದಬೇಕಾದಲ್ಲಿ ಅದನ್ನೇ ಉತ್ತರವೆಂದು ಬರೆದು ಕಡತ ಮುಚ್ಚಿಬಿಡುತ್ತಾರೆ.

ರೋಗದ ಹೆಸರಿಗಿಂತ, ಕಾಣೆಯಾದ ಆ ವಾರದಲ್ಲಿ ನಿಮ್ಮ ತಮ್ಮನ ಮನಸ್ಸು ಯಾವ ಸ್ಥಿತಿಯಲ್ಲಿತ್ತು ಎಂಬುದು ಮುಖ್ಯ. ಕಾಣೆಯಾದವರ ನಡವಳಿಕೆಯನ್ನು ಅಧ್ಯಯನ ಮಾಡುವವರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅಮೆರಿಕದ ರಾಬರ್ಟ್ ಕೋಸ್ಟರ್ ಹಲವು ದೇಶಗಳ ಸಾವಿರಾರು ಹುಡುಕಾಟಗಳ ದಾಖಲೆ ಒಟ್ಟುಗೂಡಿಸಿ, ಕಾಣೆಯಾದವರನ್ನು ವರ್ಗಗಳಾಗಿ ವಿಂಗಡಿಸಿದರು. ಅದರಲ್ಲಿ ತೀವ್ರ ಖಿನ್ನತೆಯಲ್ಲಿ ಹೊರಟವರು, ಮತಿಭ್ರಮೆಯ ಸ್ಥಿತಿಯಲ್ಲಿ ಹೊರಟವರು ಮತ್ತು ಮರೆವಿನ ಕಾಯಿಲೆಯವರು ಬೇರೆ ಬೇರೆ ವರ್ಗಗಳು, ಏಕೆಂದರೆ ಅವರು ಸಿಗುವ ಜಾಗಗಳೂ ದೂರಗಳೂ ಬೇರೆ. ಖಿನ್ನತೆಯಲ್ಲಿ ಹೊರಟವರು ಸಾಮಾನ್ಯವಾಗಿ ಬಹು ದೂರ ಹೋಗುವುದಿಲ್ಲ. ಜನರ ಕಣ್ಣಿಗೆ ಬೀಳದ, ಆದರೆ ಮನೆಗೆ ಸಮೀಪದ ಜಾಗದಲ್ಲಿ ಅವರು ಪತ್ತೆಯಾಗುವುದು ಹೆಚ್ಚು. ಒಮ್ಮೆ ಜಾಲಾಡಿದ ಜಾಗದಲ್ಲೇ ತಿಂಗಳುಗಳ ನಂತರ ದೇಹ ಸಿಕ್ಕ ಉದಾಹರಣೆಗಳು ಎಲ್ಲ ದೇಶಗಳಲ್ಲೂ ಇವೆ, ಅದಕ್ಕಾಗಿಯೇ ಅನುಭವಿ ಹುಡುಕಾಟಗಾರರು ‘ಆ ಜಾಗ ನೋಡಿಯಾಗಿದೆ’ ಎನ್ನುವುದಿಲ್ಲ. ಎಷ್ಟು ಜನ, ಎಷ್ಟು ಅಂತರದಲ್ಲಿ, ಯಾವ ಬೆಳಕಿನಲ್ಲಿ ನೋಡಿದರು ಎಂದು ಬರೆದಿಡುತ್ತಾರೆ.

ಯಾರೋ ಬೆನ್ನಟ್ಟುತ್ತಿದ್ದಾರೆ, ಸಂಚು ಹೂಡಿದ್ದಾರೆ ಎಂಬ ನಂಬಿಕೆಯಲ್ಲಿ ಹೊರಟವರ ದಾರಿ ಇದಕ್ಕೆ ತೀರಾ ವಿರುದ್ಧ. ಅಂಥವರು ಹುಡುಕಾಟದ ತಂಡ ಹೆಸರು ಕೂಗಿದಷ್ಟೂ ಇನ್ನಷ್ಟು ಅಡಗುತ್ತಾರೆ, ಸಮವಸ್ತ್ರ ಕಂಡರೆ ಓಡುತ್ತಾರೆ. ಭ್ರಮೆಯ ಕಥೆಯಲ್ಲಿ ಮನೆಯವರಿಗೂ ಪಾತ್ರವಿದ್ದರೆ ಅಣ್ಣನ ದನಿ ಕೇಳಿದರೂ ಹತ್ತಿರ ಬರಲಾರರು. ಉನ್ಮಾದದ ಏರಿಕೆಯಲ್ಲಿ ಹೊರಟವರು ದೂರ ಪ್ರಯಾಣ ಮಾಡುತ್ತಾರೆ, ಹಣ ಚೆಲ್ಲುತ್ತಾರೆ, ಅಪರಿಚಿತರೊಂದಿಗೆ ಬೇಗ ಸ್ನೇಹ ಬೆಳೆಸುತ್ತಾರೆ. ಅವರ ಜಾಡು ಮೊದಲ ಕೆಲವು ದಿನ ಢಾಳಾಗಿರುತ್ತದೆ, ಆಮೇಲೆ ಫಕ್ಕನೆ ಕಡಿಯುತ್ತದೆ. ಧಾರಾವಾಹಿಗಳಿಗೆ ಅತ್ಯಂತ ಪ್ರಿಯವಾದ ‘ಎಲ್ಲ ಮರೆತು ಬೇರೆ ಊರಲ್ಲಿ ಬೇರೆ ಹೆಸರಿನಲ್ಲಿ ಬದುಕುವ’ ಸ್ಥಿತಿ ವೈದ್ಯಶಾಸ್ತ್ರದಲ್ಲಿ ಇದೆಯಾದರೂ ಬಹಳ ಅಪರೂಪ. ಅದರ ಮೇಲೆ ಹುಡುಕಾಟದ ಯೋಜನೆ ಕಟ್ಟಬೇಡಿ.

ಈ ಹಿನ್ನೆಲೆಯಲ್ಲಿ ನಿಮ್ಮ ತಮ್ಮ ಬಿಟ್ಟುಹೋದ ಮೊಬೈಲು ಮತ್ತು ಪರ್ಸನ್ನು ನೋಡಿ. ಬಹುಶಃ ತನಿಖಾಧಿಕಾರಿ ಅದನ್ನು ಸಾಯುವ ಉದ್ದೇಶದ ಗುರುತು ಎಂದು ಓದಿರಬೇಕು. ಅದು ಒಂದು ಸಾಧ್ಯತೆ. ಆದರೆ ತನ್ನ ಫೋನಿನ ಮೂಲಕ ಯಾರೋ ತನ್ನನ್ನು ಗಮನಿಸುತ್ತಿದ್ದಾರೆ ಎಂದು ನಂಬಿದ ವ್ಯಕ್ತಿ, ಬದುಕಿ ಉಳಿಯಬೇಕೆಂಬ ಕಾರಣಕ್ಕೇ ಫೋನನ್ನು ಮನೆಯಲ್ಲಿ ಬಿಟ್ಟು ಹೋಗುತ್ತಾನೆ. ಹಾಗಾದರೆ ಇನ್ನೇನೇನು ಹೋಗಿತ್ತು, ಏನೇನು ಉಳಿದಿತ್ತು? ಕಾಲಿಗೆ ಹಾಕಿಕೊಂಡದ್ದು ಮನೆಯ ಚಪ್ಪಲಿಯೋ ದೂರ ನಡೆಯುವ ಬೂಟೋ, ಕನ್ನಡಕ ತೆಗೆದುಕೊಂಡು ಹೋಗಿದ್ದನೇ, ಬದಲಿ ಬಟ್ಟೆ ಇತ್ತೇ, ಪರ್ಸಿನಿಂದ ನೋಟುಗಳನ್ನು ಮಾತ್ರ ತೆಗೆದಿದ್ದನೇ? ಎಲ್ಲಕ್ಕಿಂತ ಮುಖ್ಯವಾಗಿ ಮಾತ್ರೆಗಳು. ಕೊನೆಯ ಬಾರಿ ಔಷಧ ಕೊಂಡ ದಿನಾಂಕ, ಕೊಟ್ಟ ಮಾತ್ರೆಗಳ ಸಂಖ್ಯೆ, ದಿನಕ್ಕೆ ಎಷ್ಟು ಎಂಬ ಲೆಕ್ಕ, ಮತ್ತು ಅವನು ಹೋದ ದಿನ ಸ್ಟ್ರಿಪ್ಪಿನಲ್ಲಿ ಉಳಿದಿದ್ದ ಮಾತ್ರೆಗಳು: ಈ ನಾಲ್ಕನ್ನು ಕೂಡಿಸಿ ಕಳೆದರೆ ಅವನು ಔಷಧವನ್ನು ಹೆಚ್ಚುಕಡಿಮೆ ಯಾವಾಗ ನಿಲ್ಲಿಸಿದ್ದ ಎಂಬುದು ಗೊತ್ತಾಗುತ್ತದೆ. ಮಾತ್ರೆಗಳನ್ನು ಒಯ್ದಿದ್ದರೆ ಅದು ಬದುಕುವ ಯೋಚನೆ ಇದ್ದವನ ನಡೆ ಎಂದು ಓದಲು ಅವಕಾಶವಿದೆ, ಆದರೂ ಅದೂ ಖಚಿತವಲ್ಲ. ತಿಂಗಳಿಗೊಮ್ಮೆ ಚುಚ್ಚುಮದ್ದು ಪಡೆಯುತ್ತಿದ್ದರೆ ಮುಂದಿನ ಚುಚ್ಚುಮದ್ದಿನ ದಿನಾಂಕ ಯಾವುದಿತ್ತೆಂದು ಕೇಳಿ. ಕಾಣೆಯಾದವರ ಕಡತಗಳಲ್ಲಿ ಎತ್ತರ, ಮೈಬಣ್ಣ, ಅಂಗಿಯ ಬಣ್ಣ ಬರೆದಿರುತ್ತಾರೆ. ಈ ಲೆಕ್ಕ ಇರುವ ಕಡತವನ್ನು ನಾನು ನೋಡಿದ್ದು ಕಡಿಮೆ.

ಒಂದೇ ಸಾಕ್ಷ್ಯ ಎರಡು ವಿರುದ್ಧ ಕಥೆಗಳಿಗೆ ಹೇಗೆ ಒಪ್ಪುತ್ತದೆ ಎಂಬುದಕ್ಕೆ, ಬ್ರಿಟನ್ನಿನಲ್ಲಿ ಬಹಳ ಪ್ರಸಿದ್ಧವಾದ ಒಂದು ಪ್ರಕರಣವನ್ನು ನೋಡಬಹುದು. ವೇಲ್ಸ್‌ನ ಮ್ಯಾನಿಕ್ ಸ್ಟ್ರೀಟ್ ಪ್ರೀಚರ್ಸ್ ಎಂಬ ಸಂಗೀತ ತಂಡದ ರಿಚಿ ಎಡ್ವರ್ಡ್ಸ್ 1995ರ ಫೆಬ್ರವರಿ 1ರ ಬೆಳಗ್ಗೆ ಲಂಡನ್ನಿನ ಹೋಟೆಲಿನಿಂದ ಹೊರಟರು. ಆಗ ಅವರಿಗೆ 27 ವರ್ಷ. ಹಿಂದಿನ ವರ್ಷವಷ್ಟೇ ಖಿನ್ನತೆ ಮತ್ತು ಸ್ವಯಂ ಹಾನಿಯ ಕಾರಣಕ್ಕೆ ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಕಾಣೆಯಾಗುವ ಮುಂಚಿನ ಎರಡು ವಾರಗಳಲ್ಲಿ ಬ್ಯಾಂಕಿನಿಂದ ದಿನಕ್ಕೆ 200 ಪೌಂಡಿನಂತೆ ಹಣ ತೆಗೆದಿದ್ದರು. ಅವರ ಪಾಸ್‌ಪೋರ್ಟ್ ಕಾರ್ಡಿಫ್‌ನ ಮನೆಯಲ್ಲಿ ಸಿಕ್ಕಿತು. ಕಾರು ಸೆವೆರ್ನ್ ಸೇತುವೆಯ ಸಮೀಪದ ಹೆದ್ದಾರಿ ತಂಗುದಾಣದಲ್ಲಿ ಸಿಕ್ಕಿತು; ಬ್ಯಾಟರಿ ಸತ್ತುಹೋಗಿತ್ತು, ಒಳಗೆ ಯಾರೋ ಕೆಲವು ದಿನ ತಂಗಿದ್ದ ಗುರುತುಗಳಿದ್ದವು. ಸೇತುವೆ ಹತ್ತಿರವಿತ್ತು, ಹಾಗಾಗಿ ಸತ್ತಿರಬೇಕು ಎಂದು ಒಂದು ಕಥೆ; ಹಣ ತೆಗೆದಿದ್ದರು, ಹಾಗಾಗಿ ಎಲ್ಲೋ ಬದುಕಿರಬೇಕು ಎಂದು ಇನ್ನೊಂದು ಕಥೆ. ದೇಹ ಸಿಗಲಿಲ್ಲ, ಗೋವಾದಿಂದ ಕ್ಯಾನರಿ ದ್ವೀಪಗಳವರೆಗೆ ‘ಕಂಡೆವು’ ಎಂದವರ ಯಾವ ಮಾತೂ ಸಾಬೀತಾಗಲಿಲ್ಲ. 2008ರ ನವೆಂಬರಿನಲ್ಲಿ ಅವರು ಮೃತರಾಗಿದ್ದಾರೆಂದು ಕಾನೂನು ಪರಿಭಾವಿಸಿತು, ಪ್ರಕರಣ ಮಾತ್ರ ಇಂದಿಗೂ ಬಗೆಹರಿದಿಲ್ಲ. ಅಷ್ಟು ಪ್ರಸಿದ್ಧ ಮುಖವನ್ನು ಇಡೀ ದೇಶ ಹುಡುಕಿದರೂ ಹೀಗಾಗುವುದಾದರೆ, ನಿಮ್ಮ ತಮ್ಮನ ಸುಳಿವು ಸಿಗದಿರುವುದು ನಿಮ್ಮ ಪ್ರಯತ್ನದ ಕೊರತೆಯಿಂದ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಇನ್ನೊಂದು ಬಾಗಿಲನ್ನು ಪೊಲೀಸರು ತೆರೆದೇ ನೋಡಿರಲಿಕ್ಕಿಲ್ಲ. ತೀವ್ರ ಮಾನಸಿಕ ಕಾಯಿಲೆ ಇರುವವರು ಇತರರ ಮೇಲೆ ಹಿಂಸೆ ಎಸಗುತ್ತಾರೆಂಬ ಭಯ ಸಮಾಜದಲ್ಲಿ ವ್ಯಾಪಕವಾಗಿದೆ, ಆದರೆ ಅವರು ಹಿಂಸೆಗೆ ಬಲಿಯಾಗುವ ಸಂಭವ ಸಾಮಾನ್ಯ ಜನರಿಗಿಂತ ಹೆಚ್ಚು ಎಂಬುದನ್ನು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ರಸ್ತೆ ಅಪಘಾತ, ದುಡಿಸಿಕೊಂಡು ಕೂಲಿ ಕೊಡದ ಶೋಷಣೆ, ಹಲ್ಲೆ, ಕೊಲೆ ಎಲ್ಲವೂ ಸಾಧ್ಯ. ಕಾಯಿಲೆ ಇಲ್ಲದ ಅದೇ ವಯಸ್ಸಿನ ವ್ಯಕ್ತಿ ಫೋನು ಬಿಟ್ಟು ಕಾಣೆಯಾಗಿದ್ದರೆ ಕೊನೆಯದಾಗಿ ಯಾರೊಡನೆ ಮಾತನಾಡಿದ್ದ, ಯಾರೊಡನೆ ಹಣದ ವ್ಯವಹಾರವಿತ್ತು ಎಂದು ಕೇಳುತ್ತಿದ್ದರು. ನಿಮ್ಮ ತಮ್ಮನ ವಿಷಯದಲ್ಲೂ ಅದನ್ನು ಕೇಳಿದ್ದಾರೆಯೇ ಎಂದು ವಿಚಾರಿಸುವ ಹಕ್ಕು ನಿಮಗಿದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ, ಸುಳಿವೇ ಸಿಗದಿರುವುದು ಹೇಗೆ ಎಂಬುದು. ಇದಕ್ಕೆ ಉತ್ತರ ಕಚೇರಿಗಳ ಒಳಗಿದೆ. ಒಬ್ಬ ಮನುಷ್ಯ ಕಾಣೆಯಾದಾಗ ಒಂದು ಠಾಣೆಯಲ್ಲಿ ಹೆಸರು, ಫೋಟೋ ಇರುವ ಕಡತ ತೆರೆಯುತ್ತದೆ. ಅದೇ ಮನುಷ್ಯ ಬೇರೆಲ್ಲೋ ಪತ್ತೆಯಾದಾಗ, ಜೀವಂತವಾಗಿಯೇ ಆಗಲಿ ಇಲ್ಲದೆಯೇ ಆಗಲಿ, ಹೆಸರಿಲ್ಲದ ಇನ್ನೊಂದು ಕಡತ ತೆರೆಯುತ್ತದೆ. ಈ ಎರಡು ಕಡತಗಳು ಎದುರುಬದುರಾಗುವ ದಿನ ಪ್ರಕರಣ ಮುಗಿಯುತ್ತದೆ. ಬಹಳಷ್ಟು ಸಲ ಆ ದಿನ ಬರುವುದೇ ಇಲ್ಲ. ಅಮೆರಿಕದಲ್ಲಿ ಕಾಣೆಯಾದವರ ಮತ್ತು ಗುರುತು ಸಿಗದ ದೇಹಗಳ ದಾಖಲೆಗಳನ್ನು ಒಂದೇ ಕಡೆ ಇಟ್ಟು ತಾಳೆ ನೋಡಲೆಂದು, ಕುಟುಂಬದವರೂ ಮಾಹಿತಿ ಸೇರಿಸಬಹುದಾದ ನೇಮಸ್ (NamUs) ಎಂಬ ರಾಷ್ಟ್ರೀಯ ವ್ಯವಸ್ಥೆ ರೂಪುಗೊಳ್ಳಬೇಕಾದರೆ ಈ ಶತಮಾನದ ಮೊದಲ ದಶಕ ಬರಬೇಕಾಯಿತು. ಅನೇಕ ದೇಶಗಳಲ್ಲಿ ಅಂಥದ್ದು ಇನ್ನೂ ಅರೆಬರೆಯಾಗಿದೆ. 1992ರಲ್ಲಿ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಕೊಲೆಯಾದ ಮಹಿಳೆಯೊಬ್ಬರ ದೇಹ ನದಿಯಲ್ಲಿ ಸಿಕ್ಕಿತ್ತು. ತೋಳಿನ ಮೇಲೆ ಹಸಿರು ಎಲೆಗಳ ಕಪ್ಪು ಹೂವಿನ ಹಚ್ಚೆ ಇತ್ತು. ಬ್ರಿಟನ್ನಿನಲ್ಲಿದ್ದ ಅವರ ಕುಟುಂಬಕ್ಕೆ ಆ ಸುದ್ದಿ ತಲುಪಿದ್ದು, 2023ರಲ್ಲಿ ಇಂಟರ್‌ಪೋಲ್ ಆ ಹಚ್ಚೆಯ ಚಿತ್ರವನ್ನು ಬಹಿರಂಗವಾಗಿ ಪ್ರಕಟಿಸಿದಾಗ. 31 ವರ್ಷ ಎರಡೂ ಕಡೆಯ ಮಾಹಿತಿ ಇದ್ದೇ ಇತ್ತು, ಒಂದು ಇನ್ನೊಂದನ್ನು ನೋಡಿರಲಿಲ್ಲ.

ಜೀವಂತ ವ್ಯಕ್ತಿಯ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಮಾನಸಿಕ ಕಾಯಿಲೆಯ ವ್ಯಕ್ತಿ ದೂರದ ಊರಿನಲ್ಲಿ, ತನಗೆ ಬಾರದ ಭಾಷೆಯ ಜನರ ನಡುವೆ ಸಿಕ್ಕಿಬಿದ್ದರೆ, ಹೆಸರು ಕೇಳಿದಾಗ ಸುಮ್ಮನಿರಬಹುದು, ಭಯದಿಂದ ಬೇರೆ ಹೆಸರು ಹೇಳಬಹುದು, ಇಲ್ಲವೇ ಸರಿಯಾದ ಹೆಸರನ್ನೇ ಹೇಳಿದರೂ ಬರೆದುಕೊಂಡವರು ಅದನ್ನು ಗುರುತು ಸಿಗದಷ್ಟು ಕೆಡಿಸಿರಬಹುದು. ಆಸ್ಪತ್ರೆಯ ದಾಖಲೆಯಲ್ಲಿ ‘ಅಪರಿಚಿತ ಗಂಡಸು’ ಎಂದಾಗುವ ಆ ಮನುಷ್ಯ ಅಲ್ಲಿಂದ ನಿರಾಶ್ರಿತರ ಕೇಂದ್ರಕ್ಕೆ, ಅಲ್ಲಿಂದ ಮತ್ತೊಂದು ಕೇಂದ್ರಕ್ಕೆ ವರ್ಗವಾಗುತ್ತಾನೆ. ಅವನು ಚೇತರಿಸಿಕೊಂಡು ವರ್ಷಗಳ ನಂತರ ತನ್ನ ಊರಿನ ಹೆಸರು ಹೇಳಿದ್ದರಿಂದ ಮನೆ ಸೇರಿದ ಉದಾಹರಣೆಗಳು ನಿಜಕ್ಕೂ ಇವೆ. ಭಾರತದಲ್ಲಿ ಬೀದಿಪಾಲಾದ ಮಾನಸಿಕ ರೋಗಿಗಳಿಗೆ ಚಿಕಿತ್ಸೆ ಕೊಟ್ಟು ಮನೆಗೆ ತಲುಪಿಸುವ ಕೆಲಸಕ್ಕಾಗಿ ಮನೋವೈದ್ಯ ಭರತ್ ವಾಟ್ವಾನಿ ಅವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದನ್ನು ನೀವು ಓದಿರಬಹುದು. ಭಾರತದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್, ಹೀಗೆ ಅಲೆಯುತ್ತಿರುವ ವ್ಯಕ್ತಿ ಕಂಡರೆ ಪೊಲೀಸರು ಅವರನ್ನು ರಕ್ಷಣೆಗೆ ಪಡೆದು 24 ಗಂಟೆಯೊಳಗೆ ಸಾರ್ವಜನಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡಬಾರದು, ಕಾಣೆಯಾದ ವ್ಯಕ್ತಿಯೆಂದು ಪ್ರಥಮ ವರ್ತಮಾನ ವರದಿ ದಾಖಲಿಸಿ ಕುಟುಂಬವನ್ನು ಪತ್ತೆ ಮಾಡಬೇಕು ಎನ್ನುತ್ತದೆ. ಕಾನೂನು ಎರಡೂ ಕಡತಗಳನ್ನು ಸೇರಿಸಲು ಹೊರಟಿರುವುದು ಇಲ್ಲಿ ಸ್ಪಷ್ಟ. ಠಾಣೆಗಳಲ್ಲಿ ಅದು ಎಷ್ಟು ಪಾಲನೆಯಾಗುತ್ತದೆ ಎಂಬುದು ಬೇರೆ ಮಾತು.

ಹಾಗಾಗಿ ನಿಮ್ಮ ಮುಂದಿರುವ ಕೆಲಸ ಪೋಸ್ಟರ್ ಅಂಟಿಸುವುದಕ್ಕಿಂತ ಹೆಚ್ಚಾಗಿ ಕಡತಗಳದ್ದು. ಮೊದಲಿಗೆ, ಪ್ರಕರಣ ಇನ್ನೂ ತೆರೆದಿದೆಯೇ, ಯಾವ ಅಧಿಕಾರಿಯ ಬಳಿ ಇದೆ, ರಾಷ್ಟ್ರಮಟ್ಟದ ದಾಖಲೆಗೆ ಸೇರಿದೆಯೇ ಎಂಬುದನ್ನು ಲಿಖಿತವಾಗಿ ಕೇಳಿ, ಲಿಖಿತವಾಗಿಯೇ ಉತ್ತರ ಪಡೆಯಿರಿ. ತಂದೆ ತಾಯಿ ಇದ್ದರೆ ಅವರ ಡಿಎನ್‌ಎ ಮಾದರಿಯನ್ನು ಪೊಲೀಸರ ಮೂಲಕ ದಾಖಲಿಸಲು ಒತ್ತಾಯಿಸಿ. ಇದನ್ನು ಮುಂದೂಡಬೇಡಿ, ಏಕೆಂದರೆ ಒಡಹುಟ್ಟಿದವರ ಮಾದರಿಗಿಂತ ತಂದೆ ತಾಯಿಯರ ಮಾದರಿಯಿಂದ ಹೋಲಿಕೆ ಹೆಚ್ಚು ಖಚಿತವಾಗುತ್ತದೆ, ಮತ್ತು ಅವರಿಗೆ ವಯಸ್ಸಾಗುತ್ತಿದೆ. ಅವನು ಎಂದಾದರೂ ಹಲ್ಲಿನ ವೈದ್ಯರ ಬಳಿಗೆ ಹೋಗಿದ್ದರೆ ಆ ಎಕ್ಸ್‌ರೇ, ಮೂಳೆ ಮುರಿದು ಚಿಕಿತ್ಸೆ ಪಡೆದಿದ್ದರೆ ಆ ಫಿಲ್ಮು, ದೇಹದ ಮೇಲಿನ ಗಾಯದ ಕಲೆಗಳ ವಿವರ ಎಲ್ಲವನ್ನೂ ಕಡತಕ್ಕೆ ಸೇರಿಸಿ. ಚಿಕಿತ್ಸಾಲಯಗಳು ಹಳೆಯ ದಾಖಲೆಗಳನ್ನು ನಿರ್ದಿಷ್ಟ ವರ್ಷಗಳ ನಂತರ ನಾಶಪಡಿಸುತ್ತವೆ, ಆದ್ದರಿಂದ ಈ ವಾರವೇ ಹೋಗಿ ಪ್ರತಿ ಕೇಳಿ. ಗಡಿ ದಾಟಿರುವ ಅನುಮಾನವಿದ್ದರೆ ಇಂಟರ್‌ಪೋಲ್‌ನ ಹಳದಿ ನೋಟಿಸ್ ಹೊರಡಿಸಲು ನಿಮ್ಮ ದೇಶದ ಪೊಲೀಸರನ್ನು ಕೇಳಬಹುದು. ಅದು ಕಾಣೆಯಾದವರಿಗಾಗಿಯೂ, ತಾವು ಯಾರೆಂದು ಹೇಳಲಾರದವರಿಗಾಗಿಯೂ ಇರುವಂಥದ್ದು. 2021ರಿಂದ ಕುಟುಂಬದ ಡಿಎನ್‌ಎ ಮೂಲಕ ದೇಶದೇಶಗಳ ನಡುವೆ ತಾಳೆ ನೋಡುವ ವ್ಯವಸ್ಥೆಯೂ ಇಂಟರ್‌ಪೋಲ್‌ನಲ್ಲಿದೆ.

ಫೋಟೋ ವಿಷಯದಲ್ಲಿ ಒಂದು ಮಾತು. ಕುಟುಂಬದವರು ಸಾಮಾನ್ಯವಾಗಿ ಮದುವೆ ಸಮಾರಂಭದಲ್ಲಿ ತೆಗೆದ, ತಲೆ ಬಾಚಿ ನಗುತ್ತಿರುವ ಚಿತ್ರ ಕೊಡುತ್ತಾರೆ. ಆಸ್ಪತ್ರೆಯ ಸಿಬ್ಬಂದಿಯ ಮುಂದೆ ಇರುವ ಮನುಷ್ಯನಿಗೆ ಗಡ್ಡ ಬೆಳೆದಿರುತ್ತದೆ, ಕೆನ್ನೆ ಒಳಸೇರಿರುತ್ತದೆ, ದೃಷ್ಟಿ ಎಲ್ಲೋ ಇರುತ್ತದೆ. ಕಾಯಿಲೆ ಉಲ್ಬಣಿಸಿದ್ದ ದಿನಗಳ ಫೋಟೋ ಇದ್ದರೆ, ನೋಡಲು ಕಷ್ಟವಾದರೂ, ಅದನ್ನೂ ಕೊಡಿ. ಮಾನಸಿಕ ಆಸ್ಪತ್ರೆಗಳು, ನಿರಾಶ್ರಿತರ ಕೇಂದ್ರಗಳು, ಬಂದೀಖಾನೆಗಳು, ಶವಾಗಾರಗಳು ಇವುಗಳಿಗೆ ಹೆಸರಿನಿಂದ ವಿಚಾರಿಸುವ ಬದಲು, ಇಂಥ ದಿನಾಂಕದ ನಂತರ ದಾಖಲಾದ, ಇಂಥ ವಯಸ್ಸಿನ, ಹೆಸರು ಖಚಿತವಾಗದ ಗಂಡಸರು ಯಾರಿದ್ದಾರೆ ಎಂದು ಪೊಲೀಸರ ಮೂಲಕ ಕೇಳಿಸಿ. ರೋಗಿಯ ಗೋಪ್ಯತೆಯ ನೆಪದಲ್ಲಿ ನಿಮಗೆ ಉತ್ತರ ನಿರಾಕರಿಸಬಹುದು. ಆದರೆ ಕಾಣೆಯಾದ ವ್ಯಕ್ತಿಯ ಪತ್ತೆಗಾಗಿ ಪೊಲೀಸರು ಕೇಳಿದರೆ ಗುರುತಿನ ಮಾಹಿತಿ ನೀಡಲು ಅಮೆರಿಕದಂಥ ಕಟ್ಟುನಿಟ್ಟಾದ ಗೋಪ್ಯತಾ ಕಾನೂನಿನಲ್ಲೂ ಅವಕಾಶವಿದೆ. ಅವನಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರಿಂದ ಎರಡು ಪುಟದ ಟಿಪ್ಪಣಿ ಬರೆಸಿಕೊಳ್ಳಿ: ಹಿಂದೆ ಕಾಯಿಲೆ ಹೆಚ್ಚಾದಾಗ ಏನು ಹೇಳುತ್ತಿದ್ದ, ಯಾರಿಗೆ ಹೆದರುತ್ತಿದ್ದ, ಯಾವ ಊರು ಅಥವಾ ದೇವಾಲಯದ ಹೆಸರು ಮತ್ತೆ ಮತ್ತೆ ಬರುತ್ತಿತ್ತು, ಮುಂಚೆ ಮನೆಬಿಟ್ಟು ಹೋಗಿದ್ದರೆ ಎಲ್ಲಿ ಸಿಕ್ಕಿದ್ದ. ಭ್ರಮೆಯ ವಿಷಯ ಕಾಲಕಾಲಕ್ಕೆ ಮರುಕಳಿಸುವುದು ಸಾಮಾನ್ಯ, ಹಾಗಾಗಿ ಹಳೆಯ ದಾರಿಗಳು ಮತ್ತೆ ತುಳಿದ ದಾರಿಗಳಾಗಿರುವ ಸಂಭವ ಇದೆ.

‘ನೋಡಿದೆ’ ಎಂದು ಕರೆ ಮಾಡುವವರಲ್ಲಿ ಹೆಚ್ಚಿನವರು ಪ್ರಾಮಾಣಿಕರೇ, ಆದರೆ ತಪ್ಪಾಗಿ ಗುರುತಿಸಿದವರು. ಕೆಲವರು ಮಾತ್ರ ಹಣಕ್ಕಾಗಿ ಕರೆ ಮಾಡುತ್ತಾರೆ. ಅವನ ದೇಹದ ಒಂದು ಗುರುತನ್ನಾದರೂ ಪ್ರಕಟಣೆಯಲ್ಲಿ ಹಾಕದೆ ಉಳಿಸಿಕೊಳ್ಳಿ. ಕರೆ ಮಾಡಿದವರು ಅದನ್ನು ತಾವಾಗಿ ಹೇಳಬಲ್ಲರೇ ಎಂದು ಪರೀಕ್ಷಿಸಲು ಅದೊಂದೇ ಸಾಧನ. ಹಣವನ್ನು ಮುಂಗಡವಾಗಿ ಯಾರಿಗೂ ಕಳಿಸಬೇಡಿ.

ಕಾನೂನಿನ ವಿಷಯ ಚುಟುಕಾಗಿ. ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ, ಏಳು ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ ವ್ಯಕ್ತಿ ಮೃತನೆಂದು ಪರಿಭಾವಿಸಲು ಅವಕಾಶವಿದೆ. ಭಾರತದಲ್ಲಿ ಇದು ಹಿಂದೆ ಸಾಕ್ಷ್ಯ ಕಾಯ್ದೆಯ 108ನೇ ಸೆಕ್ಷನ್ನಿನಲ್ಲಿತ್ತು, ಈಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿದೆ. ಆ ಪರಿಭಾವನೆ ಸಾವನ್ನು ಮಾತ್ರ ಹೇಳುತ್ತದೆ, ಸಾವಿನ ದಿನಾಂಕವನ್ನು ಹೇಳುವುದಿಲ್ಲ. ಅಷ್ಟರವರೆಗೆ ಅವನ ಖಾತೆ, ಸಾಲ, ವಿಮೆಯನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2017ರ ಕಾಯ್ದೆಯೊಂದು ಉತ್ತರ ಕೊಟ್ಟಿದೆ: ಸಾಮಾನ್ಯವಾಗಿ 90 ದಿನ ಕಾಣೆಯಾದ ವ್ಯಕ್ತಿಯ ಆಸ್ತಿಗೆ ನ್ಯಾಯಾಲಯ ಪಾಲಕರನ್ನು ನೇಮಿಸಬಹುದು. ಎಲ್ಲ ದೇಶಗಳಲ್ಲೂ ಇಂಥದ್ದಿಲ್ಲ. ಏಳು ವರ್ಷ ತುಂಬಿದ ಕೂಡಲೇ ಅರ್ಜಿ ಹಾಕಲೇಬೇಕೆಂಬ ಕಡ್ಡಾಯ ಯಾರ ಮೇಲೂ ಇಲ್ಲ, ಎಡ್ವರ್ಡ್ಸ್ ಅವರ ಕುಟುಂಬ ಅದಕ್ಕಿಂತಲೂ ಹಲವು ವರ್ಷ ಕಾದಿತ್ತು. ಅರ್ಜಿ ಹಾಕಿದರೆ ಹುಡುಕಾಟ ಬಿಟ್ಟಂತೆ ಎಂಬ ಸಂಕಟವೂ ಬೇಡ; ಅವನು ಮರಳಿ ಬಂದರೆ ಆ ಪರಿಭಾವನೆ ಬಿದ್ದುಹೋಗುತ್ತದೆ.

ಮನೆಯಲ್ಲಿ ಒಬ್ಬರು ಅವನ ಬಟ್ಟೆಗಳನ್ನು ತೆಗೆದಿಡಬೇಕೆಂದೂ, ಇನ್ನೊಬ್ಬರು ಮುಟ್ಟಬಾರದೆಂದೂ ಜಗಳವಾಡುತ್ತಿದ್ದರೆ ಅದನ್ನು ಸ್ವಭಾವದ ದೋಷವೆಂದು ತಿಳಿಯಬೇಡಿ. ಇಂಥ ಮುಕ್ತಾಯವಿಲ್ಲದ ಅಗಲಿಕೆಯನ್ನು 1970ರ ದಶಕದಿಂದ ಅಧ್ಯಯನ ಮಾಡಿದ ಅಮೆರಿಕದ ಕುಟುಂಬ ಚಿಕಿತ್ಸಾ ತಜ್ಞೆ ಪಾಲಿನ್ ಬಾಸ್ ಅವರು, ಕುಟುಂಬದವರೆಲ್ಲ ಒಂದೇ ತೀರ್ಮಾನಕ್ಕೆ ಬರಬೇಕೆಂದು ಒತ್ತಾಯಿಸುವುದು ಕುಟುಂಬವನ್ನು ಒಡೆಯುತ್ತದೆ ಎಂದು ಗುರುತಿಸಿದ್ದಾರೆ. ತಾಯಿ ಅವನು ಬದುಕಿದ್ದಾನೆಂದು ನಂಬಲಿ, ತಂದೆ ಇಲ್ಲವೆಂದು ನಂಬಲಿ. ಡಿಎನ್‌ಎ ಮಾದರಿ ಕೊಡಲು ಇಬ್ಬರೂ ಒಪ್ಪಿದರೆ ಸಾಕು.

ಕೊನೆಯದಾಗಿ, ಅವನು ಜೀವಂತವಾಗಿ ಪತ್ತೆಯಾಗುವ ಸಾಧ್ಯತೆಗೂ ನೀವು ಈಗಲೇ ಸಿದ್ಧರಾಗಿರಬೇಕು, ಏಕೆಂದರೆ ಆ ಗಡಿಬಿಡಿಯಲ್ಲಿ ಅನಾಹುತಗಳಾಗುತ್ತವೆ. ಅವನು ವಯಸ್ಕ, ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯ ಅವನಿಗಿದ್ದು ಮನೆಗೆ ಬರಲು ಒಪ್ಪದಿದ್ದರೆ, ಕ್ಷೇಮವಾಗಿದ್ದಾನೆ ಎಂದಷ್ಟೇ ಪೊಲೀಸರು ನಿಮಗೆ ತಿಳಿಸುವ ಪದ್ಧತಿ ಹಲವು ದೇಶಗಳಲ್ಲಿದೆ, ಮತ್ತು ಅಂಥ ಹೊತ್ತಿನಲ್ಲಿ ಪತ್ರವೊಂದನ್ನು ಅವನಿಗೆ ತಲುಪಿಸಿ ಎಂದು ಅವರನ್ನು ಕೇಳಿಕೊಳ್ಳಬಹುದು. ಬರಲು ಒಪ್ಪಿದರೆ, ಎಲ್ಲಿದ್ದೆ ಏಕೆ ಹೋದೆ ಎಂಬ ವಿಚಾರಣೆಯನ್ನು ಬದಿಗಿಟ್ಟು ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ದೀರ್ಘಕಾಲ ಹಸಿದ ದೇಹಕ್ಕೆ ಪ್ರೀತಿಯಿಂದ ಒಮ್ಮೆಲೇ ಹೊಟ್ಟೆತುಂಬ ಉಣಬಡಿಸಿದರೆ ರಕ್ತದ ಲವಣಾಂಶಗಳು ಏರುಪೇರಾಗಿ ಜೀವಕ್ಕೇ ಅಪಾಯವಾಗುತ್ತದೆ, ವೈದ್ಯರ ನಿಗಾದಲ್ಲಿ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಬೇಕು. ಹಾಗೆಯೇ, ಮನೆಯಲ್ಲಿರುವ ಹಳೆಯ ಚೀಟಿಯನ್ನು ನೋಡಿ ಹಳೆಯ ಪ್ರಮಾಣದಲ್ಲೇ ಮಾತ್ರೆ ಕೊಡಲು ಹೋಗಬೇಡಿ. ಉದಾಹರಣೆಗೆ, ಸ್ಕಿಜೋಫ್ರೀನಿಯಾಗೆ ಕೊಡುವ ಕ್ಲೋಜಪಿನ್ ಔಷಧವನ್ನು 48 ಗಂಟೆಗಿಂತ ಹೆಚ್ಚು ಕಾಲ ಬಿಟ್ಟಿದ್ದರೂ ಮತ್ತೆ 12.5 ಮಿಲಿಗ್ರಾಂ ಎಂಬ ಕನಿಷ್ಠ ಪ್ರಮಾಣದಿಂದ ಆರಂಭಿಸಬೇಕಾಗುತ್ತದೆ. ನೇರವಾಗಿ ಪೂರ್ಣ ಪ್ರಮಾಣ ಕೊಟ್ಟರೆ ರಕ್ತದೊತ್ತಡ ಕುಸಿದು ಹೃದಯಕ್ಕೆ ತೊಂದರೆಯಾಗಬಹುದು. ಆ ಚೀಟಿಯ ಒಂದು ಪ್ರತಿಯನ್ನು, ಅವನ ವೈದ್ಯರ ಫೋನ್ ಸಂಖ್ಯೆಯೊಂದಿಗೆ, ಠಾಣೆಯ ಕಡತದಲ್ಲೂ ಇಡಿಸಿ.